ಲಂಘನವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಶಿಕಾರಿಪುರದ ಹುಚ್ಚರಾಯಸ್ವಾಮಿಯು ಸಮುದ್ರವನ್ನು ಲಂಘಿಸಿದ ಆಂಜನೇಯನೇ. ಭ್ರಾಂತೇಶನೆಂದು ಪ್ರಸಿದ್ಧನಾದ ಈ ಸ್ವಾಮಿಯನ್ನೂ, ಕದರಮಂಡಲಗಿಯ ಕಾಂತೇಶನನ್ನೂ, ಸಾತೇನಹಳ್ಳಿಯ ಶಾಂತೇಶನನ್ನೂ ಒಂದೇ ದಿವಸದಲ್ಲಿ ಕಂಡು ಕೈಮುಗಿದವರಿಗೆ ಇಷ್ಟಾರ್ಥವು ಸಿದ್ಧಿಸುವುದೆಂಬ ನಂಬಿಕೆಯಿಂದ ಈ ಮೂರು ಊರುಗಳ ನಡುವೆ ಸಂಚರಿಸುವ ಭಕ್ತರಲ್ಲಿ ತಾಯಂದಿರೂ, ತಾಯಂದಿರ ಕೈಹಿಡಿದ ಹೆಣ್ಣುಮಕ್ಕಳೂ ಬಹುಮಂದಿ. ತನ್ನ ಬಲವು ತನಗೇ ಮರೆತುಹೋಗಿದ್ದ ಆ ವಾನರವೀರನು, ಜಾಂಬವಂತನು ಅದನ್ನು ನೆನಪುಮಾಡಿಕೊಟ್ಟ ಮೇಲೆಯೇ ಮಹೇಂದ್ರಪರ್ವತದ ಮೇಲೆ ನಿಂತು, ಮೈಬೆಳೆಸಿ ಹಾರಿದನೆಂಬ ಕಥೆಯನ್ನು ಆ ಮಕ್ಕಳೆಲ್ಲರೂ ಬಲ್ಲರು. ನೆಗೆಯುವ ದೇಹವನ್ನು ದೈವವೆಂದು ಪೂಜಿಸುವ ಈ ಸೀಮೆಯಲ್ಲಿ, ಹನ್ನೆರಡು ಹದಿಮೂರು ವರ್ಷ ತುಂಬಿದ ಹುಡುಗಿಯೊಬ್ಬಳು ಒಂದು ಮೋಟುಗೋಡೆಯನ್ನು ನೆಗೆದು ದಾಟಿದರೆ ಅದನ್ನು ಕಂಡ ಹಿರಿಯರು ಹುಬ್ಬು ಗಂಟಿಕ್ಕುವುದೇಕೆಂಬುದು ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಅದನ್ನು ಇಂದು ಬಹಿರಂಗವಾಗಿ ಕೇಳುವಂತೆ ಪ್ರೇರೇಪಿಸಿರುವುದು ಪಾರ್ಕೂರ್ ಎಂಬ ವ್ಯಾಯಾಮವಿದ್ಯೆ.

ಪಾರ್ಕೂರ್ ಎಂದೊಡನೆ, ಚಲನಚಿತ್ರಗಳಲ್ಲಿಯೂ ಮೊಬೈಲಿನ ತುಣುಕುಗಳಲ್ಲಿಯೂ ಒಂದು ಮಹಡಿಯಿಂದ ಮತ್ತೊಂದು ಮಹಡಿಗೆ ಹಾರುವ ಯುವಕರ ಚಿತ್ರವು ಕಣ್ಣೆದುರಿಗೆ ಬರುವುದು ಸಹಜ. ಆದರೆ ಅದು ಆ ವಿದ್ಯೆಯ ತೀರ ಸಣ್ಣ, ತೀರ ಸದ್ದುಮಾಡುವ ಭಾಗ ಮಾತ್ರ. ದಾರಿಯಲ್ಲಿ ಎದುರಾಗುವ ಗೋಡೆಯನ್ನಾಗಲಿ, ಕಂಬಿಯನ್ನಾಗಲಿ, ಕಾಲುವೆಯನ್ನಾಗಲಿ ಯಾವ ಉಪಕರಣದ ನೆರವೂ ಇಲ್ಲದೆ, ಸ್ವಂತ ಕೈಕಾಲುಗಳ ಬಲದಿಂದಲೇ, ಗಾಯವಾಗದಂತೆ, ಶಕ್ತಿಯನ್ನು ವ್ಯರ್ಥಮಾಡದೆ ದಾಟಿಹೋಗುವ ಅಭ್ಯಾಸವೇ ಪಾರ್ಕೂರ್. 1902ರಲ್ಲಿ ಮಾರ್ಟಿನಿಕ್ ದ್ವೀಪದ ಪೆಲೆ ಜ್ವಾಲಾಮುಖಿಯು ಸಿಡಿದು ಸಾಂ ಪಿಯೇರ್ ಪಟ್ಟಣವು ಬೂದಿಯಾದಾಗ ಜನರ ರಕ್ಷಣೆಯ ಕಾರ್ಯದಲ್ಲಿದ್ದ ಫ್ರೆಂಚ್ ನೌಕಾಧಿಕಾರಿ ಜಾರ್ಜ್ ಎಬೇರನು, ದೇಹಬಲವು ಪರರಿಗೆ ಉಪಕಾರವಾಗುವುದಕ್ಕೆ ಇರಬೇಕೆಂಬ ತತ್ತ್ವದ ಮೇಲೆ ಓಟ, ನೆಗೆತ, ಹತ್ತುವಿಕೆ, ಸಮತೋಲ, ಈಜುಗಳನ್ನು ಒಳಗೊಂಡ ಒಂದು ಶಿಕ್ಷಣಕ್ರಮವನ್ನು ರೂಪಿಸಿದನು. ಆ ಕ್ರಮವು ಫ್ರೆಂಚ್ ಸೈನ್ಯಕ್ಕೆ ಹೋಗಿ, ಅಲ್ಲಿಂದ ವಿಯೆಟ್ನಾಮಿನಲ್ಲಿ ಹುಟ್ಟಿ ಸೈನ್ಯದ ಆಶ್ರಯದಲ್ಲಿ ಬೆಳೆದ ರೇಮೋ ಬೆಲ್ ಎಂಬ ಬಾಲಕನಿಗೆ ದೊರೆತು, ಮುಂದೆ ಪ್ಯಾರಿಸ್ಸಿನ ಅಗ್ನಿಶಾಮಕ ದಳವನ್ನು ಸೇರಿದ ಆತನಿಂದ ಅವನ ಮಗ ಡೇವಿಡ್ ಬೆಲ್‌ನಿಗೆ ಬಂದು, ಪ್ಯಾರಿಸ್ಸಿನ ಹೊರವಲಯದ ಲಿಸ್ ಎಂಬ ಊರಿನಲ್ಲಿ ಗೆಳೆಯರ ಗುಂಪಿನಲ್ಲಿ ಪಾರ್ಕೂರಿನ ರೂಪವನ್ನು ತಾಳಿತು. 1997ರಲ್ಲಿ ಯಾಮಕಾಸಿ ಎಂಬ ಹೆಸರಿನಲ್ಲಿ ಪ್ರಕಟವಾದ ಆ ಗುಂಪಿನಲ್ಲಿದ್ದವರು ಎಲ್ಲರೂ ಗಂಡಸರೇ. ಆದರೆ ಅವರೆಲ್ಲರಿಗೂ ಮೂಲಪುರುಷನೆನ್ನಬಹುದಾದ ಎಬೇರನು 1919ರಷ್ಟು ಹಿಂದೆಯೇ ಸ್ತ್ರೀಯರ ಶರೀರಶಿಕ್ಷಣದ ವಿಷಯವಾಗಿ ಪ್ರತ್ಯೇಕ ಗ್ರಂಥವನ್ನು ಬರೆದಿದ್ದನು. 2017ರಲ್ಲಿ ಬ್ರಿಟನ್ ಪಾರ್ಕೂರನ್ನು ಅಧಿಕೃತ ಕ್ರೀಡೆಯೆಂದು ಮನ್ನಿಸಿತು. 2022ರ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ಜರುಗಿದ ಮೊದಲನೆಯ ವಿಶ್ವಚಾಂಪಿಯನ್‌ಷಿಪ್‌ನಲ್ಲಿ ಸ್ತ್ರೀಯರ ಸ್ಪರ್ಧೆಗಳೂ ನಡೆದವು.

ಇದು ಪರದೇಶದವರ ಹುಚ್ಚಾಟವೆಂದು ಬದಿಗೆ ತಳ್ಳುವ ಮುನ್ನ, ಬೇಸಗೆಯ ರಜೆಯಲ್ಲಿ ಸೊರಬ ಸೀಮೆಯ ಯಾವುದಾದರೂ ಹಳ್ಳಿಯ ಮಾವಿನ ತೋಪಿನಲ್ಲಿ ಮಕ್ಕಳು ಮರಕೋತಿಯಾಟ ಆಡುವುದನ್ನು ಒಮ್ಮೆ ನಿಂತು ನೋಡಬೇಕು. ಮರದ ಬುಡದಲ್ಲಿ ಒಂದು ವೃತ್ತ. ಅದರೊಳಗಿನ ಕೋಲನ್ನು ದೂರಕ್ಕೆ ಎಸೆದೊಡನೆ, ಸೋತ ಮಗುವು ಅದನ್ನು ತರಲು ಓಡಿದರೆ ಉಳಿದವರೆಲ್ಲರೂ ಕ್ಷಣಾರ್ಧದಲ್ಲಿ ಕೊಂಬೆಗಳನ್ನು ಏರಿ ಕುಳಿತಿರುತ್ತಾರೆ. ಹಿಡಿಯಲು ಬಂದವರ ಕೈಗೆ ಸಿಗದಂತೆ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಜೋತು, ಅಲ್ಲಿಂದ ನೆಲಕ್ಕೆ ಧುಮುಕಿ, ಮಂಡಿಯನ್ನು ಮಡಿಸಿ ಎದ್ದು, ವೃತ್ತದ ಕೋಲನ್ನು ಮುಟ್ಟಲು ಧಾವಿಸುವ ಆ ಗುಂಪಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಎಷ್ಟೋ ಸಲ ಹುಡುಗಿಯರೇ ಹಗುರಾಗಿ ಮೇಲಿನ ಕೊಂಬೆಯಲ್ಲಿರುತ್ತಾರೆ. ಅಂಗಳದಲ್ಲಿ ಕುಂಟಾಬಿಲ್ಲೆಯಾಡುವ ಹುಡುಗಿಯು ಒಂಟಿಕಾಲಿನಲ್ಲಿ ಗೆರೆಯನ್ನು ತುಳಿಯದೆ ಮನೆಯಿಂದ ಮನೆಗೆ ಹಾರುವಾಗ ತೋರುವ ನಿಖರತೆಯು ಪಾರ್ಕೂರಿನ ಗುರುಗಳು ತಿಂಗಳುಗಟ್ಟಲೆ ಕಲಿಸುವ ಪಾಠವೇ ಆಗಿದೆ. ಇನ್ನು ತಲೆಯ ಮೇಲೆ ಹುಲ್ಲಿನ ಹೊರೆಯನ್ನು ಹೊತ್ತು ಗದ್ದೆಯ ಬದುವಿನ ಮೇಲೆ ಜಾರದೆ ನಡೆಯುವುದು, ತೋಟದ ದಣಪೆಯನ್ನು ದಾಟುವುದು, ಮಳೆಗಾಲದಲ್ಲಿ ಮೈದುಂಬಿದ ಹಳ್ಳದ ಮೇಲಣ ಕಾಲುಸಂಕವನ್ನು ಹಾಯುವುದು ಇವೆಲ್ಲವೂ ಮಲೆನಾಡಿನ ಹೆಣ್ಣುಮಕ್ಕಳಿಗೆ ನಿತ್ಯದ ಕೆಲಸ. (ಕಾಲುಸಂಕಗಳ ಜಾಗದಲ್ಲಿ ಸೇತುವೆಗಳು ಆಗಬೇಕಾದುದು ಬೇರೆಯೇ ಮಾತು. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಶಾಲೆಯ ಪುಟ್ಟ ಬಾಲಕಿಯೊಬ್ಬಳು ಸಂಕದಿಂದ ಬಿದ್ದು ನೀರುಪಾಲಾದುದನ್ನು ನಾವು ಮರೆಯಲಾಗದು. ಯಾವ ವ್ಯಾಯಾಮವೂ ಸೇತುವೆಗೆ ಬದಲಿಯಾಗಲಾರದು.)

ಇಂತಹ ಮಕ್ಕಳು ಇದ್ದಕ್ಕಿದ್ದಂತೆ ಮರದಿಂದ ಇಳಿದುಬಿಡುವ ಒಂದು ಕಾಲ ಬರುತ್ತದೆ. ಹುಡುಗಿಯು ಮೈನೆರೆಯುತ್ತಾಳೆ, ಮನೆಯಲ್ಲಿ ಆರತಿಯಾಗುತ್ತದೆ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ನೆರೆಹೊರೆಯ ಮುತ್ತೈದೆಯರು ಹರಸುತ್ತಾರೆ, ಆ ಹರಕೆಯ ಬೆನ್ನಿಗೇ ಓಡಬೇಡ, ಹಾರಬೇಡ, ಮರ ಹತ್ತಬೇಡ, ಗಂಡುಬೀರಿಯಂತೆ ಆಡಬೇಡ ಎಂಬ ನಿಷೇಧಗಳ ಸಾಲು ಬರುತ್ತದೆ. ನಿನ್ನೆಯವರೆಗೆ ಜೊತೆಯಲ್ಲಿ ಆಡಿದ ಅಣ್ಣತಮ್ಮಂದಿರು ಬಯಲಿಗೆ ಹೋಗುತ್ತಾರೆ, ಅವಳು ಜಗಲಿಯಲ್ಲಿ ಉಳಿಯುತ್ತಾಳೆ. ಅವಳ ಸ್ನಾಯುಗಳಲ್ಲಾಗಲಿ ಮೂಳೆಗಳಲ್ಲಾಗಲಿ ಆ ಒಂದು ವಾರದಲ್ಲಿ ಯಾವ ದೌರ್ಬಲ್ಯವೂ ಹೊಕ್ಕಿಲ್ಲ. ಹೊಕ್ಕಿರುವುದು ನಮ್ಮ ಕಣ್ಣಿನಲ್ಲಿ. ಇದಕ್ಕಿಂತಲೂ ನನ್ನನ್ನು ನೋಯಿಸುವ ಸಂಗತಿ ಮತ್ತೊಂದಿದೆ. ನೆಗೆಯಲು ಶಕ್ತಿಸಾಲದೆಂದು ಜಗಲಿಯಲ್ಲಿ ಕೂರಿಸಿದ ಅದೇ ಹುಡುಗಿಯಿಂದ ನಾವು ತುಂಬಿದ ಕೊಡಗಳನ್ನು ಹೊರಿಸುತ್ತೇವೆ, ನಾಟಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಿಲ್ಲಿಸುತ್ತೇವೆ, ಮೆಕ್ಕೆಜೋಳದ ಚೀಲವನ್ನು ಎತ್ತಿಸುತ್ತೇವೆ. ದುಡಿಮೆಗೆ ಬೇಕಾದಾಗ ಗಟ್ಟಿಯಾಗಿರುವ ಹೆಣ್ಣಿನ ದೇಹವು ಆನಂದಕ್ಕೆ ಬೇಕಾದಾಗ ಮಾತ್ರ ಕೋಮಲವಾಗುವುದೆಂಬ ತರ್ಕವನ್ನು ನಾನು ಒಪ್ಪಲಾರೆ.

ಈ ಸ್ಥಿತಿಯು ಶಿಕಾರಿಪುರ ಸೊರಬಗಳೆಂಬ ನಮ್ಮ ಎರಡು ತಾಲ್ಲೂಕುಗಳಿಗೆ ಮಾತ್ರ ಸೇರಿದುದಲ್ಲ. 2016ರ ಅಂಕಿಅಂಶಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹನ್ನೊಂದರಿಂದ ಹದಿನೇಳರ ವಯಸ್ಸಿನ ಶಾಲಾಮಕ್ಕಳಲ್ಲಿ ದಿನಕ್ಕೆ ಒಂದು ಗಂಟೆಯಷ್ಟಾದರೂ ದೇಹಶ್ರಮವಿಲ್ಲದ ಹುಡುಗರು ಜಗತ್ತಿನಲ್ಲಿ ನೂರಕ್ಕೆ 78, ಹುಡುಗಿಯರು ನೂರಕ್ಕೆ 85. ಮೂಳೆಗಳು ಗಟ್ಟಿಯಾಗುವ ಮುಖ್ಯಕಾಲವೂ ಇದೇ ವಯಸ್ಸು. ಓಟ ನೆಗೆತಗಳ ಭಾರವು ಬಿದ್ದಷ್ಟೂ ಎಳೆಯ ಮೂಳೆಯು ಬಲಗೊಳ್ಳುವುದೆಂದೂ, ಆಗ ಕೂಡಿಟ್ಟ ಬಲವೇ ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಸೊಂಟವನ್ನೂ ಬೆನ್ನನ್ನೂ ಕಾಯುವುದೆಂದೂ ವೈದ್ಯಶಾಸ್ತ್ರವು ಹೇಳುತ್ತದೆ.

ಇನ್ನು ಅಪಾಯದ ಮಾತು. ಹುಡುಗಿಯು ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ, ಮುಂದೆ ಅವಳ ಮದುವೆಯ ಗತಿಯೇನು ಎಂಬ ಆತಂಕವು ತಾಯಿತಂದೆಯರಲ್ಲಿರುವುದು ನಿಜ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ದೀಪಾವಳಿ ಕಳೆಯುತ್ತಲೇ ಶಿಕಾರಿಪುರ ಸೊರಬಗಳ ಹಳ್ಳಿಹಳ್ಳಿಗಳಲ್ಲಿ ನಡೆಯುವ ಹೋರಿಹಬ್ಬವನ್ನು ಇಲ್ಲಿ ನೆನೆಯಲೇಬೇಕಾಗಿದೆ. ಬಲೂನು ಜೂಲುಗಳಿಂದ ಅಲಂಕೃತವಾಗಿ, ಕೊರಳಿಗೆ ಕೊಬ್ಬರಿಯ ಹಾರವನ್ನು ಧರಿಸಿ, ಕಿಕ್ಕಿರಿದ ಜನರ ನಡುವಣ ಓಣಿಯಲ್ಲಿ ಬಿರುಗಾಳಿಯಂತೆ ನುಗ್ಗಿಬರುವ ಹೋರಿಯ ಮೈಮೇಲೆ ಎರಗಿ ಕೊಬ್ಬರಿಯನ್ನು ಹರಿದುಕೊಳ್ಳಲು ಯತ್ನಿಸುವ ತರುಣರ ಧೈರ್ಯವನ್ನು ಊರೇ ಕೊಂಡಾಡುತ್ತದೆ. ಆ ಅಖಾಡದಲ್ಲಿ ಪ್ರಾಣಗಳೇ ಹೋಗಿವೆ. ಪ್ರತಿವರ್ಷ ಗಾಯಗೊಂಡವರು ಆಸ್ಪತ್ರೆ ಸೇರುತ್ತಾರೆ. ಹೆಣ್ಣುಮಕ್ಕಳು ಮನೆಯ ಮಾಳಿಗೆಯ ಮೇಲಿಂದ ಅದನ್ನು ನೋಡುತ್ತಾರೆ. ಮಗನು ಐನೂರು ಕಿಲೋ ತೂಗುವ ಪ್ರಾಣಿಯ ಎದುರಿಗೆ ನಿಂತಾಗ ಹೆಮ್ಮೆಪಡುವ ಮನೆಯು, ಮಗಳು ಮಂಡಿಯೆತ್ತರದ ಕಟ್ಟೆಯಿಂದ ಮರಳಿನ ಮೇಲೆ ಹಾರುವುದಕ್ಕೆ ಹೆದರಿದರೆ, ಆ ಭಯದ ಮೂಲವು ಅಪಾಯದಲ್ಲಿಲ್ಲವೆಂಬುದು ಸ್ಪಷ್ಟ.

ಪಾರ್ಕೂರಿನ ಒಳ್ಳೆಯ ಗುರುವು ಮೊದಲು ಕಲಿಸುವುದು ಹಾರುವುದನ್ನಲ್ಲ, ಇಳಿಯುವುದನ್ನು. ಒಂದು ಮೆಟ್ಟಿಲಿನಷ್ಟು ಎತ್ತರದಿಂದ, ಮುಂಗಾಲಿನ ಮೇಲೆ, ಮಂಡಿಗಳನ್ನು ಮಡಿಸಿ, ಮಂಡಿಯು ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕೆ ಇರುವಂತೆ, ಸದ್ದಾಗದ ಹಾಗೆ ನೆಲಮುಟ್ಟುವುದನ್ನು ಶಿಷ್ಯರು ವಾರಗಟ್ಟಲೆ ಅಭ್ಯಾಸಮಾಡುತ್ತಾರೆ. ಇಳಿದ ಸದ್ದು ಕೇಳಿತೆಂದರೆ ದೇಹವು ಪೆಟ್ಟನ್ನು ತಿಂದಿತೆಂದೇ ಅರ್ಥ. ಬಳಿಕ ಒಂದು ಭುಜದಿಂದ ಎದುರುಬದಿಯ ಸೊಂಟದವರೆಗೆ ಓರೆಯಾಗಿ ಉರುಳಿ ಬಿದ್ದ ವೇಗವನ್ನು ಕಳೆದುಕೊಳ್ಳುವುದನ್ನು ಹುಲ್ಲಿನ ಮೇಲೆ ಕಲಿಯುತ್ತಾರೆ. ಕೈಕಾಲೂರಿ ನಡೆಯುವುದನ್ನು, ದಿಮ್ಮಿಯ ಮೇಲೆ ಸಮತೋಲವನ್ನು, ಕಟ್ಟೆಗೆ ಕೈಯಿಟ್ಟು ಕಾಲನ್ನು ದಾಟಿಸುವುದನ್ನು ಕ್ರಮವಾಗಿ ಸಾಧಿಸುತ್ತಾರೆ. ಈ ಪಾಠದ ಬೆಲೆಯು ಹುಡುಗಿಯರಿಗೆ ಹುಡುಗರಿಗಿಂತ ಅಧಿಕ. ಮೈನೆರೆದ ಬಳಿಕ ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್‌ಗಳಂತಹ ಆಟಗಳಲ್ಲಿ ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಸಂಭವವು ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ನೆಗೆದು ಇಳಿಯುವ ಕ್ರಮವನ್ನು ಕಲಿಸಿದ ತಂಡಗಳಲ್ಲಿ ಈ ಗಾಯಗಳು ಸುಮಾರು ಅರ್ಧದಷ್ಟು ತಗ್ಗಿವೆಯೆಂಬುದು ಹಲವು ಸಂಶೋಧನೆಗಳಿಂದ ಕಂಡುಬಂದಿದೆ. ನಮ್ಮ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಬರಿಗಾಲಿನಲ್ಲಿ ಕಬಡ್ಡಿಯಾಡುವ ಹುಡುಗಿಯರಿಗೆ ಬೀಳುವುದನ್ನು ಯಾರೂ ಕಲಿಸಿಕೊಟ್ಟಿಲ್ಲ. ಕೈಕಾಲು ಮುರಿಯದಂತೆ ಕಾಪಾಡುವುದು ಜಗಲಿಯಲ್ಲ, ಶಿಕ್ಷಣ. ಮುಟ್ಟಿನ ದಿನಗಳಲ್ಲಿ ನೆಗೆದರೆ ಗರ್ಭಕೋಶಕ್ಕೆ ಕೇಡೆಂಬುದಕ್ಕೂ ಆಧಾರವಿಲ್ಲ. ಕನ್ಯತ್ವದ ಹೆಸರಿನಲ್ಲಿ ಸೈಕಲ್ಲನ್ನೂ ನೆಗೆತವನ್ನೂ ನಿಷೇಧಿಸುವವರು, ಕನ್ಯತ್ವವನ್ನು ಪರೀಕ್ಷಿಸುವ ವಿಧಾನವೆಂಬುದೇ ಇಲ್ಲವೆಂದು ವಿಶ್ವಸಂಸ್ಥೆಯ ಅಂಗಗಳು 2018ರಲ್ಲಿ ಒಕ್ಕೊರಲಿನಿಂದ ಸಾರಿದುದನ್ನು ತಿಳಿಯಬೇಕು.

ಲಜ್ಜೆಯ ಪ್ರಶ್ನೆಯನ್ನು ಎತ್ತುವವರಿಗೆ ಸೊರಬದ ಚಂದ್ರಗುತ್ತಿಯನ್ನು ತೋರಿಸಲು ಬಯಸುತ್ತೇನೆ. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ವಿವಸ್ತ್ರರಾಗಿ ರೇಣುಕಾಂಬೆಯ ಬೆಟ್ಟಕ್ಕೆ ನಡೆಸುತ್ತಿದ್ದ ಬೆತ್ತಲೆಸೇವೆಯು, 1986ರ ಮಾರ್ಚಿನಲ್ಲಿ ಅದನ್ನು ವಿರೋಧಿಸಿದವರ ಮೇಲೆಯೂ ಪೊಲೀಸರ ಮೇಲೆಯೂ ನಡೆದ ಘೋರವಾದ ಹಲ್ಲೆಯ ತರುವಾಯ ಸರ್ಕಾರದ ಆಜ್ಞೆಯಿಂದ ನಿಂತಿತು. ಹೆಣ್ಣಿನ ದೇಹದ ಘನತೆಯು ಅವಳ ಇಚ್ಛೆಯನ್ನು ಅವಲಂಬಿಸಿದುದೇ ಹೊರತು ಊರಿನ ಇಚ್ಛೆಯನ್ನಲ್ಲವೆಂಬ ಪಾಠವನ್ನು ಆ ಬೆಟ್ಟದ ಬುಡದಲ್ಲಿ ನಾವು ಬಹಳ ಬೆಲೆತೆತ್ತು ಕಲಿತಿದ್ದೇವೆ. ಮೈತುಂಬ ಬಟ್ಟೆ ತೊಟ್ಟು, ತನ್ನ ಸಂತೋಷಕ್ಕಾಗಿ ಶಾಲೆಯ ಬಯಲಿನಲ್ಲಿ ನೆಗೆಯುವ ಹುಡುಗಿಯಲ್ಲಿ ಲಜ್ಜಾಹೀನತೆಯನ್ನು ಕಾಣುವುದು ಆ ಪಾಠವನ್ನು ಮರೆತಂತೆ. ಇರಾನಿನ ತೆಹ್ರಾನ್ ನಗರದಲ್ಲಿ ಕಾನೂನು ವಿಧಿಸಿದ ತಲೆವಸ್ತ್ರವನ್ನೂ ಉದ್ದತೋಳಿನ ಅಂಗಿಯನ್ನೂ ಧರಿಸಿಯೇ ತರುಣಿಯರು ಉದ್ಯಾನಗಳಲ್ಲಿ ಪಾರ್ಕೂರನ್ನು ಅಭ್ಯಸಿಸುತ್ತಿರುವುದು ಹತ್ತು ವರ್ಷಗಳಿಗೂ ಹಿಂದೆಯೇ ಜಗತ್ತಿಗೆ ತಿಳಿದ ಸಂಗತಿ.

ನಮ್ಮ ಸೀಮೆಯ ಕಲ್ಲುಗಳು ಈ ವಿಷಯದಲ್ಲಿ ಎರಡು ಬಗೆಯಾಗಿ ನುಡಿಯುತ್ತವೆ. ಶಿಕಾರಿಪುರ ಸೊರಬಗಳ ಹೊಲಗದ್ದೆಗಳ ಅಂಚಿನಲ್ಲಿ ನಿಂತಿರುವ ಲೆಕ್ಕವಿಲ್ಲದಷ್ಟು ವೀರಗಲ್ಲುಗಳಲ್ಲಿ ಗಂಡಿನ ದೇಹವು ಬಾಗಿ, ಎರಗಿ, ಬಿಲ್ಲೆಳೆದು, ಸಂಪೂರ್ಣವಾಗಿ ಮೂಡಿರುವಾಗ, ಹೆಣ್ಣಿಗಾಗಿ ನಿಲ್ಲಿಸಿದ ಮಾಸ್ತಿಕಲ್ಲುಗಳಲ್ಲಿ ಅನೇಕವು ತೋರುವುದು ಕಂಬದಿಂದ ಹೊರಚಾಚಿದ, ಬಳೆತೊಟ್ಟ ಒಂದು ತೋಳನ್ನು ಮಾತ್ರ. ಆದರೆ ಬಂದಳಿಕೆಯ ಶಾಸನವು ಬೇರೊಂದನ್ನು ಹೇಳುತ್ತದೆ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಪತಿಯು ಮಡಿದ ಬಳಿಕ ನಾಗರಖಂಡ ಎಪ್ಪತ್ತೆಂಬ ನಾಡಿನ ಅಧಿಕಾರವನ್ನು ವಹಿಸಿಕೊಂಡು ನಡೆಸಿದ ಜಕ್ಕಿಯಬ್ಬೆಯನ್ನು ಅದು ಆಡಳಿತದ ದಕ್ಷತೆಗಾಗಿಯೂ ಪರಾಕ್ರಮಕ್ಕಾಗಿಯೂ ಹೊಗಳುತ್ತದೆ. ಉಡುತಡಿಯ ಅಕ್ಕಮಹಾದೇವಿಯು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ದಾರಿಯು ಆತ್ಮದ ದಾರಿಯಾಗಿದ್ದಷ್ಟೇ ಕಾಡು ಬೆಟ್ಟಗಳ ದಾರಿಯೂ ಆಗಿತ್ತು. ಆ ಪಾದಗಳ ಬಲವನ್ನು ನಾವು ನೆನೆಯುವುದು ಅಪರೂಪ. 1942ರಲ್ಲಿ ಈಸೂರು ಸ್ವತಂತ್ರವೆಂದು ಸಾರಿದಾಗ ಆ ಊರಿನ ಹೆಂಗಸರೂ ಹೋರಾಡಿ ಸೆರೆಮನೆಗೆ ಹೋದರು.

ವಿದ್ಯೆಯು ಹೊಸದೆಂಬ ಅಂಜಿಕೆಗೂ ಕಾರಣವಿಲ್ಲ. ಬನವಾಸಿ ಬಳ್ಳಿಗಾವೆಗಳನ್ನು ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ವ್ಯಾಯಾಮದ ಉಲ್ಲೇಖವಿದೆ. ಅದರ ಇಂದಿನ ಬಂಧುವಾದ ಮಲ್ಲಕಂಬವನ್ನು ಉತ್ತರ ಕರ್ನಾಟಕದ ಊರುಗಳಲ್ಲಿ ಹುಡುಗಿಯರೂ ಸಾಧಿಸುತ್ತಿದ್ದಾರೆ. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜರು ಜೋಗದ ಪ್ರಪಾತಕ್ಕೆ ಇಳಿದು, ಅಲ್ಲಿ ಬಿದ್ದು ಸತ್ತವರ ದೇಹಗಳನ್ನು ಮೇಲಕ್ಕೆ ತಂದುಕೊಟ್ಟಿರುವುದನ್ನು ಬಲ್ಲವರಿಗೆ, ಎಬೇರನು ಹೇಳಿದ ಪರೋಪಕಾರದ ಬಲವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಅವರ ಸಾಹಸವು ಅಸಾಮಾನ್ಯನಾದ ಒಬ್ಬನ ಸಾಧನೆ. ಮಕ್ಕಳು ಅದನ್ನು ಅನುಕರಿಸಬಾರದು. ಹಾಗೆಯೇ ಚಂದ್ರಗುತ್ತಿಯ ಕೋಟೆಯಾಗಲಿ ಬಳ್ಳಿಗಾವೆಯ ಕೇದಾರೇಶ್ವರ ದೇಗುಲವಾಗಲಿ ನೆಗೆತಕ್ಕೆ ತಕ್ಕ ಜಾಗಗಳಲ್ಲ. ಆ ಕಲ್ಲುಗಳನ್ನು ಕಾಯುವುದು ಕಲಿಯುವವರ ಮೊದಲನೆಯ ಶಿಸ್ತಾಗಿರತಕ್ಕದ್ದು.

ಬೇಕಾಗಿರುವುದು ಬಹಳ ಸ್ವಲ್ಪ. ಉದ್ದಜಿಗಿತದ ಮರಳುಗುಂಡಿಯು ಬಹುಪಾಲು ಪ್ರೌಢಶಾಲೆಗಳಲ್ಲಿ ಈಗಾಗಲೇ ಇದೆ, ಇಲ್ಲದಿದ್ದರೆ ತೋಡಬಹುದು. ಅಲುಗಾಡದಂತೆ ಹೂಳಿದ ಹಳೆಯ ಟೈರುಗಳು, ನೆಲಕ್ಕೆ ಬಿಗಿದ ಮರದ ದಿಮ್ಮಿಗಳು, ಮೊಣಕಾಲಿನಿಂದ ಸೊಂಟದವರೆಗೆ ಎತ್ತರವಿರುವ ಎರಡು ಮೂರು ಕಟ್ಟೆಗಳು, ಜೋತಾಡಲು ಒಂದು ಕಬ್ಬಿಣದ ಅಡ್ಡಕಂಬಿ. ಇಷ್ಟಾದರೆ ಮೊದಲ ವರ್ಷದ ಪಾಠಕ್ಕೆ ಸಾಕು. ದುಡ್ಡಿಗಿಂತಲೂ ದುರ್ಲಭವಾಗಿರುವುದು ಕಲಿಸುವ ಹೆಂಗಸರು. ಹುಡುಗಿಯರಿಗೆ ಮಹಿಳಾ ದೈಹಿಕ ಶಿಕ್ಷಕಿಯೇ ಇಲ್ಲದ ಶಾಲೆಗಳು ಎಷ್ಟೋ ಇವೆ. ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುವ ಶಾಲೆಗಳು ಅದಕ್ಕಿಂತಲೂ ಹೆಚ್ಚು. ವಸತಿಶಾಲೆಗಳ ಹೆಣ್ಣುಮಕ್ಕಳಿಗೆ ಓಬವ್ವ ಆತ್ಮರಕ್ಷಣಾ ಕಲೆಯೆಂಬ ಹೆಸರಿನಲ್ಲಿ ರಾಜ್ಯ ಸರ್ಕಾರವು ಕರಾಟೆಯನ್ನು ಕಲಿಸಲು ಆರಂಭಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಅಪಾಯದಲ್ಲಿ ಸಿಕ್ಕ ಹುಡುಗಿಗೆ ಹೊಡೆಯುವುದಕ್ಕಿಂತ ಮೊದಲು ಒದಗಬೇಕಾದುದು ಓಡುವ, ಗೋಡೆಯನ್ನು ಹತ್ತಿ ದಾಟುವ ಸಾಮರ್ಥ್ಯ. ಆ ಯೋಜನೆಯಲ್ಲಿಯೇ ಈ ಪಾಠಗಳನ್ನು ಸೇರಿಸಿ, ಬೆಂಗಳೂರಿನಲ್ಲಿ ಪಾರ್ಕೂರ್ ಕಲಿಸುವವರಿಂದ ತಾಲ್ಲೂಕಿನ ಶಿಕ್ಷಕಿಯರಿಗೆ ತರಬೇತಿ ಕೊಡಿಸಿದರೆ, ಹೊಸ ಇಲಾಖೆಯನ್ನಾಗಲಿ ಹೊಸ ಕಟ್ಟಡವನ್ನಾಗಲಿ ಕಾಯಬೇಕಾದ ಅಗತ್ಯವಿರದು.

ಶಿಕಾರಿಪುರ ಸೊರಬ ತಾಲ್ಲೂಕುಗಳ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರಲ್ಲಿ, ವಿಶೇಷವಾಗಿ ಅವುಗಳಲ್ಲಿರುವ ತಾಯಂದಿರಲ್ಲಿ, ನನ್ನದೊಂದು ವಿನಂತಿ. ಬರುವ ಶೈಕ್ಷಣಿಕ ವರ್ಷದ ಮೊದಲ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಿ. ಏಳನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಹುಡುಗಿಯರ ಆಟದ ಅವಧಿಯನ್ನು ಯಾರೂ ಕಸಿದುಕೊಳ್ಳದಂತೆ ನಿರ್ಣಯಮಾಡಿ. ಆ ಅವಧಿಗೆ ಲಂಗವನ್ನು ಬಿಟ್ಟು ಪೈಜಾಮವನ್ನೋ ಟ್ರ್ಯಾಕ್ ಪ್ಯಾಂಟನ್ನೋ ತೊಡಲು ಅನುಮತಿ ಕೊಡಿಸಿ. ಒಂದು ಗುಂಡಿಗೆ ಮರಳು ತುಂಬಿಸಿ. ಮೊದಲ ದಿನ ನೀವೇ ಬಂದು ಬಯಲಿನ ಅಂಚಿನಲ್ಲಿ ನಿಲ್ಲಿ, ಮನೆಗೆ ಹೋದ ಮೇಲೆ ಮಗಳನ್ನು ಗದರಬೇಡಿ.